ಬೆಟ್ಟ ನೋಡದ ಅತಿಥಿ

ಯುನ್‌ಕೌ ಹಳೆಪೇಟೆ
ಒಂಬತ್ತನೇ ತಿಂಗಳ ಹುಣ್ಣಿಮೆಯ ಮಾರನೇ ದಿನ

ಮಗಳು ಚ್ಯೂಲಾನ್‌ಗೆ ಅಮ್ಮನ ಆಶೀರ್ವಾದ.

ಈ ಕಾಗದ ನೋಡಿ ಅಮ್ಮನ ಕೋಪ ಇಳಿಯಿತು ಎಂದು ಹಿಗ್ಗಬೇಡ. ನೀನು ಆ ಗೋಧಿ ತಿನ್ನುವ ನಾಡಿನವನ ಹಿಂದೆ ಉತ್ತರಕ್ಕೆ ಹೋದ ದಿನ, ಇನ್ನು ನಿನ್ನ ಹತ್ತಿರ ಮಾತಾಡುವುದಿಲ್ಲ ಎಂದು ಆಣೆ ಇಟ್ಟವಳು ನಾನು. ಅವನ ಹೆಸರು ಕೇಳಲಿಲ್ಲ, ನೀನು ಫೋನಿಗೆ ಕಳಿಸಿದ ಫೋಟೋವನ್ನೂ ನೋಡದೆ ಅಳಿಸಿದೆ. ಆದರೆ ಆಣೆ ಬಾಯಿಗೆ ಸಂಬಂಧಪಟ್ಟದ್ದು, ಕೈಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೊಸ ವರ್ಷಕ್ಕೆ ನೀನು ಕಳಿಸಿದ ಬೋರೆಹಣ್ಣಿನ ಡಬ್ಬದ ಮೇಲೆ ವಿಳಾಸವಿತ್ತು. ಹಣ್ಣನ್ನು ಪಕ್ಕದ ಮನೆಯ ಷಿ ಅಕ್ಕನಿಗೆ ಕೊಟ್ಟೆ, ಡಬ್ಬ ಇಟ್ಟುಕೊಂಡೆ.

ವಿಷಯಕ್ಕೆ ಬರುತ್ತೇನೆ. ನಮ್ಮ ವಸತಿಗೃಹಕ್ಕೆ ಒಬ್ಬ ಅತಿಥಿ ಬಂದಿದ್ದ. ಅವನು ಯಾರೆಂದು ನಿನಗೆ ಗೊತ್ತಿರಬೇಕು ಎಂದು ನನಗೆ ಗುಮಾನಿ. ನಡೆದದ್ದನ್ನೆಲ್ಲ ಬರೆಯುತ್ತೇನೆ. ಓದಿ ನಿಜ ಹೇಳು.

ಮೂವತ್ತರ ಆಸುಪಾಸಿನವನು. ಕೈಯಲ್ಲಿ ಒಂದೇ ಚೀಲ. ಇಲ್ಲಿಗೆ ಬರುವವರು ಮೆಟ್ಟಿಲು ಹತ್ತುವ ಮೊದಲೇ ಏನು ಕೇಳುತ್ತಾರೆ ಎಂದು ನಿನಗೆ ಗೊತ್ತಲ್ಲ: ಬೆಟ್ಟದ ಮೇಲೆ ಮೋಡ ಯಾವಾಗ ಕಡಲಿನ ಹಾಗೆ ಹರಡುತ್ತದೆ, ಫೋಟೋ ತೆಗೆಸಿಕೊಳ್ಳಲು ನಮ್ಮ ಹೆಂಗಸರ ಬೆಳ್ಳಿ ಕಿರೀಟ ಎಲ್ಲಿ ಬಾಡಿಗೆಗೆ ಸಿಗುತ್ತದೆ. ಇವನು ಏನೂ ಕೇಳಲಿಲ್ಲ. ಅಂಗಳದಲ್ಲಿ ನಿಂತು ಮನೆಯನ್ನೇ ನೋಡಿದ. ಕಂಬ ನೋಡಿದ, ಅಟ್ಟ ನೋಡಿದ, ತೆರೆದ ಬಾಗಿಲಿನಿಂದ ಒಲೆಯ ಮೇಲೆ ಹೊಗೆಗೆ ತೂಗುಹಾಕಿದ ಮಾಂಸವನ್ನೂ ನೋಡಿದ. ನನಗೆ ಆಗಲೇ ಸಂಶಯ ಬಂತು. ಹೋದ ವರ್ಷ ಇಂಥವನೇ ಒಬ್ಬ ಸವಿಮಾತಿನವನು ಮೇಲಿನ ಹಳ್ಳಿಗೆ ಬಂದು, ಮುದುಕಿಯರ ಮದುವೆಯ ಕಸೂತಿ ಅಂಗಿಗಳನ್ನೆಲ್ಲ ಪುಡಿಗಾಸಿಗೆ ಕೊಂಡು ಹೋದ. ಈಗ ಅವು ಪಟ್ಟಣದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತೂಗುತ್ತಿವೆಯಂತೆ. ಅಂದಿನಿಂದ ನಾವು ಬೆಟ್ಟ ನೋಡದ ಅತಿಥಿಯನ್ನು ನಂಬುವುದಿಲ್ಲ.

ಇನ್ನೊಂದು ಮಾತು. ಅಡುಗೆಮನೆ ಬಾಗಿಲಿನ ತಗ್ಗು ತೊಲೆ ಇದೆಯಲ್ಲ, ಹೊಸಬರೆಲ್ಲ ಹಣೆ ಚಚ್ಚಿಕೊಳ್ಳುವುದು. ಇವನು ಮೊದಲ ಸಲ ಒಳಗೆ ಬರುವಾಗಲೇ ತಲೆ ಬಗ್ಗಿಸಿದ. ಅದೂ ಕೈಯಲ್ಲಿದ್ದ ತಟ್ಟೆ ನೋಡುತ್ತಾ, ತೊಲೆಯನ್ನು ನೋಡದೆ. ನನ್ನ ಮನೆಯ ನಕ್ಷೆ ಇವನಿಗೆ ಯಾರು ಕೊಟ್ಟರು ಎಂದು ಅಂದೇ ಯೋಚಿಸಿದೆ.

ಮಾರನೇ ದಿನ ಅವನು ಪೇಟೆಬೀದಿ ಸುತ್ತಲು ಹೋದ. ಷಿ ಅಕ್ಕ ಮದ್ಯದ ಅಂಗಡಿಯಲ್ಲಿ ಕೂತು ಊರಿಗೆಲ್ಲ ಕಣ್ಣಿಟ್ಟಿರುತ್ತಾಳೆ. ಮಧ್ಯಾಹ್ನ ಏದುಸಿರು ಬಿಡುತ್ತಾ ಬಂದಳು.

"ಯಿನ್‌ಹ್ವಾ, ನಿನ್ನ ಅತಿಥಿ ಗಿರಾಕಿ ಅಲ್ಲ ಕಣೇ, ಬೇಟೆಗಾರ! ಒಂದು ಬೆಳ್ಳಿ ಬಳೆ ಮುಟ್ಲಿಲ್ಲ, ಒಂದು ಲೋಟ ಮದ್ಯ ಕುಡೀಲಿಲ್ಲ. ಮಗೂನ ಬೆನ್ನಿಗೆ ಕಟ್ಟೋ ಬಟ್ಟೆ ಇದೆಯಾ, ಬೆನ್ನುಬಟ್ಟೆ ಇದೆಯಾ ಅಂತ ಅಂಗಡಿ ಅಂಗಡಿ ಅಲೀತಿದಾನೆ. ಮಿಷನ್ನಿಂದು ತೋರಿಸಿದ್ರೆ ತಿರುಗಿಸಿ ಹಿಂಭಾಗ ನೋಡಿ ಕೆಳಗಿಡ್ತಾನೆ. ಕಲ್ತವನು! ನಿನ್ನ ಪೆಟ್ಟಿಗೆಗೆ ಬೀಗ ಹಾಕು."

ಬೀಗಕ್ಕಿಂತ ಅಕ್ಕಿ ವಾಸಿ ಎಂದುಕೊಂಡು, ನಿನ್ನನ್ನು ಹೊತ್ತ ಬೆನ್ನುಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಅಕ್ಕಿಯ ಗುಡಾಣದೊಳಗೆ ಹೂತಿಟ್ಟೆ.

ಅಂದು ಊಟಕ್ಕೆ ಹುಳಿ ಮೀನಿನ ಸಾರು ಮಾಡಿ, ಬೇಕೆಂದೇ ಎರಡು ಪಾಲು ಖಾರ ಸುರಿದೆ. ಕಳ್ಳನಾದರೆ ಖಾರಕ್ಕೆ ನಿಜ ಕಕ್ಕಲಿ ಎಂದು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಬಟ್ಟಲು ಬಿಡದೆ ತಿಂದ. ನಾನು ಒಂದೊಂದಾಗಿ ಕೇಳಿದೆ.

"ಯಾವ ಊರಪ್ಪ?"

"ಉತ್ತರದ ಕಡೆ."

"ಉತ್ತರ ಅಂದ್ರೆ ದೊಡ್ಡದು."

"ಹೂಂ, ದೊಡ್ಡದೇ."

"ಮದುವೆ?"

"ಆಗಿದೆ."

"ಮತ್ತೆ ಹೆಂಡ್ತೀನ ಬಿಟ್ಟು ಒಬ್ಬನೇ ಸುತ್ತೋಕೆ ಬಂದ್ಯಾ? ಚೆನ್ನಾಗಿದೆ!"

"ಅವಳಿಗೆ ಬಸ್ಸು ಆಗಲ್ಲ. ತಿರುವು ಬಂದ್ರೆ ವಾಂತಿ."

ಬಸ್ಸಿನಲ್ಲಿ ನಿನಗೂ ವಾಂತಿಯಾಗುತ್ತದೆ. ಆದರೆ ನಮ್ಮ ಈ ಘಾಟಿಯಲ್ಲಿ ಅರ್ಧ ಜಗತ್ತಿನ ಹೆಂಗಸರಿಗೆ ವಾಂತಿಯಾಗುತ್ತದೆ, ಹಾಗಾಗಿ ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಮಾತ್ರ ಗಮನಿಸಿದೆ. ಉಳಿದ ಅತಿಥಿಗಳು ನನ್ನನ್ನು ಯಜಮಾನ್ತಿ ಎನ್ನುತ್ತಾರೆ, ವಯಸ್ಸು ನೋಡಿ ಚಿಕ್ಕಮ್ಮ ಎನ್ನುತ್ತಾರೆ. ಇವನು ಏನೆಂದೂ ಕರೆಯಲಿಲ್ಲ. ಕರೆಯಬೇಕಾದಾಗಲೆಲ್ಲ ಕೆಮ್ಮುತ್ತಿದ್ದ.

ಮರುದಿನ ಮಂಜು ಸರಿಯಿತು. ಬೇರೆ ಅತಿಥಿಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವುದಿತ್ತು. ನಾನಿಲ್ಲದಾಗ ಇವನು ಮನೆಯಲ್ಲಿದ್ದರೆ ಗತಿಯೇನು ಎಂದು, "ನೀನೂ ನಡಿ, ಇಷ್ಟು ದೂರ ಬಂದು ಬೆಟ್ಟ ನೋಡದೆ ಹೋದ್ರೆ ಜನ ನನ್ನ ಬೈತಾರೆ" ಎಂದು ಹೊರಡಿಸಿದೆ. ಕಲ್ಲುಮೆಟ್ಟಿಲುಗಳನ್ನು ನನ್ನ ಹಿಂದೆಯೇ ಹತ್ತಿದ. ಮೇಲೆ, ಬೆಟ್ಟದ ಆಚೆ ಬದಿಗೆ, ಮೋಡ ಕಣಿವೆ ತುಂಬ ತುಳುಕುತ್ತಿತ್ತು. ಅಂಥ ದಿನ ವರ್ಷಕ್ಕೆ ನಾಲ್ಕು ಸಿಕ್ಕರೆ ಹೆಚ್ಚು. ಜನ ಕಿರುಚಾಡುತ್ತಾ ಫೋನು ಎತ್ತಿ ಹಿಡಿದಿದ್ದರು. ಇವನು ಮೋಡಕ್ಕೆ ಬೆನ್ನು ಹಾಕಿ, ಕೆಳಗೆ ಪೇಟೆಯ ಕಡೆ ಮುಖ ಮಾಡಿ ಕೂತ. ಸಾವಿರ ಕಪ್ಪು ಹೆಂಚಿನ ಮಾಡುಗಳ ನಡುವೆ ಬೆರಳು ತೋರಿಸಿ, "ಅದೇ ಅಲ್ವಾ ನಿಮ್ಮ ಮನೆ?" ಎಂದ. ಅದೇ ಆಗಿತ್ತು.

ಆಮೇಲೆ ಬಾಯಿಬಿಟ್ಟ.

"ಒಂದು ಕೇಳ್ತೀನಿ, ಬೈಬಾರ್ದು. ನಿಮ್ಮ ಮನೇಲಿ ಹಳೇದೊಂದು ಬೆನ್ನುಬಟ್ಟೆ ಇದೆಯಲ್ಲ, ಚಿಟ್ಟೆ ಕಸೂತೀದು. ನನಗೆ ಕೊಡ್ತೀರಾ? ನೀವು ಹೇಳಿದಷ್ಟು ದುಡ್ಡು ಕೊಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಚಿಟ್ಟೆಯನ್ನು ನಾನು ಪರರಿಗೆ ತೋರಿಸಿದವಳಲ್ಲ. ಷಿ ಅಕ್ಕನೂ ನೋಡಿ ಇಪ್ಪತ್ತು ವರ್ಷವಾಗಿರಬೇಕು. ಬಾಯಿಗೆ ಬಂದದ್ದು ಬೈದೆ.

"ನಾಚಿಕೆ ಆಗಲ್ವೇನೋ ನಿನಗೆ? ಅದರಲ್ಲಿ ನನ್ನ ಮಗಳು ಉಚ್ಚೆ ಹೊಯ್ದಿದಾಳೆ, ಜ್ವರ ಬಂದಾಗ ನನ್ನ ಬೆನ್ನಿಗೆ ಕೆನ್ನೆ ಒತ್ತಿ ನರಳಿದಾಳೆ. ಅದನ್ನ ತಗೊಂಡೋಗಿ ಗಾಜಿನ ಪೆಟ್ಟಿಗೇಲಿ ತೂಗುಹಾಕ್ತೀಯಾ?"

"ಪೆಟ್ಟಿಗೆಗಲ್ಲ. ಮಗೂಗೆ."

"ಮಗೂಗೆ ಹಳೇದು ಕಟ್ತಾರಾ ಯಾರಾದ್ರೂ? ತಾಯಿಯ ತಾಯಿ ಹೊಸದು ಹೊಲಿದು ತಂದು, ತನ್ನ ಕೈಯಾರೆ ಕಟ್ಬೇಕು. ಕೇಳಿ ಈಸ್ಕೊಳ್ಳೋ ವಸ್ತು ಅಲ್ಲ ಅದು, ದುಡ್ಡಿನ ಮಾತಂತೂ ಎತ್ತಲೇಬಾರ್ದು. ಯಾಕೆ, ನಿನ್ನ ಮಗೂಗೆ ಅಜ್ಜಿ ಇಲ್ವಾ?"

"ಇದಾರೆ."

"ಮತ್ತೆ?"

"ಮಗು ಹುಟ್ಟಿದ್ದೇ ಅವರಿಗೆ ಗೊತ್ತಿಲ್ಲ."

"ಎಂಥಾ ಅಜ್ಜಿಯೋ ಅವಳು! ಆ ಮಗಳಾದ್ರೂ ಎಂಥವಳು, ಹೆತ್ತ ಅಮ್ಮನಿಗೆ ಹೇಳದೆ ಇರೋಕೆ?"

ಅವನು ತನ್ನ ಬೂಟು ನೋಡಿಕೊಂಡು ಹೇಳಿದ: "ಅವಳಿಗೆ ಭಯ. ಫೋನ್ ಮಾಡಿದ್ರೆ ಅಮ್ಮ ತೆಗೆಯಲ್ಲ. ಮಗು ಅತ್ರೆ ಟವೆಲ್ಲಲ್ಲಿ ಬೆನ್ನಿಗೆ ಕಟ್ಕೊಂಡು ಓಡಾಡ್ತಾಳೆ. ನಮ್ಮ ಕಡೆಯವರಿಗೆ ಆ ಕಟ್ಟು ಬರಲ್ಲ. ಅವಳಿಗೂ ಸರಿಯಾಗಿ ಬರಲ್ಲ. ಜಾರಿ ಜಾರಿ ಬಿಚ್ಚಿಹೋಗತ್ತೆ."

ಟವೆಲ್ಲಂತೆ! ಯಾವ ಮಗುವಾದರೇನು, ಬಿದ್ದರೆ ತಲೆ ಒಡೆಯುತ್ತದೆ. ನಾನು ಕೋಪದಲ್ಲೇ ನನ್ನ ತಲೆವಸ್ತ್ರ ಬಿಚ್ಚಿ, ಅವನ ಚೀಲವನ್ನು ಅವನ ಬೆನ್ನಿಗೇ ಕಟ್ಟಿ ತೋರಿಸಿದೆ. ಪಟ್ಟಿ ಹೆಗಲ ಮೇಲಿಂದ ಬಂದು ಎದೆಯ ಮುಂದೆ ಅಡ್ಡ ಹಾಯಬೇಕು, ಹಿಂದೆ ಮಗುವಿನ ಕುಂಡೆಯ ಕೆಳಗೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು, ಗಂಟು ಸೊಂಟದ ಮೇಲೆ ಬೀಳಬೇಕು ಎಂದು ಹೇಳಿದೆ. ಅವನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಕಲಿತ. ಜನ ಮೋಡ ಬಿಟ್ಟು ನಮ್ಮಿಬ್ಬರ ಫೋಟೋ ತೆಗೆದರು.

ಇಳಿಯುವಾಗ ಒಂದು ಮೆಟ್ಟಿಲು ತಪ್ಪಿದೆ. ಹುಟ್ಟಿದಾಗಿನಿಂದ ಹತ್ತಿ ಇಳಿದ ಮೆಟ್ಟಿಲು ಅವು, ಅವುಗಳ ಮೇಲೆ ನಾನು ಕಾಲು ತಪ್ಪುವವಳಲ್ಲ. ತೊಲೆ, ವಾಂತಿ, ಮಾಡು, ಚಿಟ್ಟೆ ಎಲ್ಲ ಒಂದರ ಹಿಂದೊಂದು ತಲೆಯಲ್ಲಿ ಬಂದು ನಿಂತವು. ಅವನು ಎರಡು ಮೆಟ್ಟಿಲು ಮುಂದಿದ್ದ. ಕೇಳಿದ್ದರೆ ಹೇಳುತ್ತಿದ್ದ. ನಾನು ಕೇಳಲಿಲ್ಲ. ಹೌದು ಎಂದುಬಿಟ್ಟರೆ ಮಾಡುವುದೇನು ಎಂದು ಹೆದರಿದೆ. ಅಲ್ಲ ಎಂದರೆ ಎಂದು ಅದಕ್ಕಿಂತ ಹೆಚ್ಚು ಹೆದರಿದೆ.

ಮರುದಿನ ಬೆಳಗಿನ ಬಸ್ಸಿಗೆ ಹೊರಟ. ತಾನು ತಿಂದ ಬಟ್ಟಲು ತೊಳೆದಿಟ್ಟಿದ್ದ, ನೀರಿನ ಗುಡಾಣ ತುಂಬಿಸಿದ್ದ. ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೆಮ್ಮಿದ. ನಾನು ಕಿಟಕಿಯ ಹಲಗೆಯ ಹಿಂದೆ ನಿಂತಿದ್ದೆ, ಹೊರಗೆ ಬರಲಿಲ್ಲ.

ಷಿ ಅಕ್ಕನಿಗೆ ಎಲ್ಲ ಹೇಳಿದ್ದಕ್ಕೆ ಅವಳು ನಕ್ಕಳು. "ಮಗೂ ಕಥೆ ಹೇಳಿ ಕರಗಿಸೋದು ಆ ಕಸೂತಿ ವ್ಯಾಪಾರದವರ ಹೊಸ ವರಸೆ ಕಣೇ. ನೀನು ಕರಗಿದೆ!" ಎಂದಳು. ಇರಬಹುದು. ಮೇಲಿನ ಹಳ್ಳಿಯಲ್ಲಿ ಯಾರೋ ಹೇಳಿ ಚಿಟ್ಟೆಯ ಸುದ್ದಿ ಹರಡಿರಬಹುದು. ಅದಕ್ಕೇ ನಿನ್ನನ್ನು ನೇರವಾಗಿ ಕೇಳುತ್ತಿದ್ದೇನೆ. ಎತ್ತರದ ಮನುಷ್ಯ, ಎಡ ಹುಬ್ಬಿನ ಮೇಲೆ ಸುಟ್ಟ ಕಲೆ, ಖಾರ ತಿಂದರೆ ಕಿವಿ ಕೆಂಪಾಗುತ್ತದೆ. ಇವನು ನಿನಗೆ ಗೊತ್ತೋ ಇಲ್ಲವೋ? ವ್ಯಾಪಾರಿಯಾದರೆ ಮೇಲಿನ ಹಳ್ಳಿಗೆ ಹೇಳಿ ಕಳಿಸಬೇಕು. ನಿನ್ನವನಾದರೆ, ನೀನು ಕಳಿಸಿದೆಯೋ, ಅವನಾಗಿಯೇ ಬಂದನೋ? ನೀನು ಕಳಿಸಿದ್ದಾದರೆ ನೀನು ಹೇಡಿ. ಅವನಾಗಿಯೇ ಬಂದಿದ್ದರೆ ನಾನು ಅಂದುಕೊಂಡಷ್ಟು ಕೆಟ್ಟವನಲ್ಲ. ಇದನ್ನು ಅವನಿಗೆ ಓದಿ ಹೇಳಬೇಡ.

ನಿನ್ನ ಅಮ್ಮ,
ಪಾನ್ ಯಿನ್‌ಹ್ವಾ

ತಾ.ಕ.: ಕಾಗದ ಮಡಿಸಿದ ಮೇಲೆ ಹೊಳೆಯಿತು. ಮಗು ಹುಟ್ಟಿದರೆ ನಮ್ಮಲ್ಲಿ ಅಳಿಯ ಅತ್ತೆಮನೆಗೆ ಕೋಳಿ ಹಿಡಿದುಕೊಂಡು ಬರುತ್ತಾನೆ. ಗಂಡಾದರೆ ಹುಂಜ, ಹೆಣ್ಣಾದರೆ ಹೇಂಟೆ. ನೀನು ಕಳಿಸಿದ್ದರೆ ಅವನ ಕೈಯಲ್ಲಿ ಕೋಳಿ ಇರುತ್ತಿತ್ತು. ಕೋಳಿ ಇದ್ದಿದ್ದರೆ ನಾನು ಕಳ್ಳನೆಂದು ಯಾಕೆ ತಿಳಿಯುತ್ತಿದ್ದೆ? ಅಂದರೆ ನಿನಗೆ ಹೇಳದೆಯೇ ಬಂದಿದ್ದಾನೆ, ಪೆದ್ದ. ಅವನು ಹೋದ ದಿನವೇ ನೀಲಿ ಬಟ್ಟೆ ಕತ್ತರಿಸಿದೆ, ಸುತ್ತ ಅಂಚು ಹೊಲಿದದ್ದೂ ಆಯಿತು. ನಡುವೆ ಯಾವ ಚಿತ್ರ ಹಾಕಬೇಕೆಂದು ತಿಳಿಯದೆ ಸೂಜಿ ನಿಂತಿದೆ. ಗಂಡೋ ಹೆಣ್ಣೋ ಎಂದು ನೀನು ಕಾಗದದಲ್ಲಿ ಬರೆಯಬೇಡ. ಅವನನ್ನು ಇನ್ನೊಮ್ಮೆ ಕಳಿಸು. ಬಸ್ಸಿಳಿದು ತಿರುವಿನಲ್ಲಿ ಬರುವಾಗಲೇ, ಕಂಕುಳಲ್ಲಿರುವುದು ಹುಂಜವೋ ಹೇಂಟೆಯೋ ನಾನೇ ನೋಡಿಕೊಳ್ಳುತ್ತೇನೆ.