ಗೋಡೆಯ ಮೇಲಿನ ಕೆಂಪು ಟೋಪಿ

ಡಿಯಾಂಟೆ,

ಫಿಲಡೆಲ್ಫಿಯಾದ ಹುಡುಗರಿಗೆ ಗೋಡೆಚಿತ್ರದ ಕೆಲಸ ಕಲಿಸುವ ನಮ್ಮ ಶಾಲೆಯ ಗೋಡೆಯ ಮೇಲೆ ನಿನ್ನ ಮುಖವನ್ನು ನಾನೇ ಬರೆದಿದ್ದೆ. ಇವತ್ತು ಅದಕ್ಕೆ ಹಳೇ ಬಣ್ಣ ಮುಚ್ಚುವ ಬಿಳಿ ಪ್ರೈಮರ್ ಬಳಿಸಿದೆ. ವರ್ಷಗಟ್ಟಲೆ ನನ್ನ ಕೈಕೆಳಗೆ ಕಲಿತವನು ಪತ್ರಿಕೆಯವರ ಮುಂದೆ "ನನಗೆ ಯಾರೂ ಕಲಿಸಿಲ್ಲ" ಎಂದೆಯಲ್ಲ, ಮೊದಲು ಆ ಬಾಯಿಯನ್ನೇ ಮುಚ್ಚಿಸಿದೆ.

ಬ್ರಷ್ ಹಿಡಿದಿದ್ದ ಹೊಸ ಹುಡುಗಿ ಶನೀಸ್ ಕೇಳಿದಳು: "ಮಿಸ್ ವರ್ನೆಟ್ಟಾ, ಇವ್ನ್ಯಾರು?"

"ಯಾರೂ ಅಲ್ಲ ಕಣೇ. ದಪ್ಪಗೆ ಬಳಿ."

ಕಣ್ಣು, ಮೂಗು, ಗಲ್ಲ ಎಲ್ಲ ಹೋದವು. ಎಷ್ಟು ಹಾಯೆನಿಸಿತು ಗೊತ್ತಾ! ನಿನ್ನ ಟೋಪಿಯ ಕೆಂಪು ಮಾತ್ರ ಪ್ರೈಮರ್ ಒಣಗಿದಂತೆಲ್ಲ ಮತ್ತೆ ಮೇಲೆ ಬರುತ್ತಿತ್ತು.

"ಎಷ್ಟು ಬಳಿದ್ರೂ ಹೋಗ್ತಿಲ್ಲ ಮಿಸ್. ಯಾವ ಪುಣ್ಯಾತ್ಮ ಬೆರೆಸಿದ್ದು ಈ ಬಣ್ಣಾನ?"

ಬಿಸಿಲಿಗೆ ಮಾಸದಿರಲೆಂದು ಅದನ್ನು ಬೆರೆಸಿದ್ದವಳು ನಾನು. "ಸಾಕು ಕಣೇ, ಟೋಪಿ ಇರಲಿ" ಎಂದು ಅವಳ ಕೈಯಿಂದ ಬ್ರಷ್ ಕಿತ್ತುಕೊಂಡೆ.