ಬೀಗ ತೆಗೆಯುವ ಸಾಲು

ಕಚೇರಿಯ ಮೂರನೇ ಮಹಡಿಯಿಂದ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಗುಂಡೂ,

ಬೆನ್ನುನೋವು ಹೇಗಿದೆ? ಹೊಸ ಊರಿನಲ್ಲಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಅಲ್ಲೂ ಬಿಸ್ಕತ್ತಿನಲ್ಲೇ ದಿನ ತಳ್ಳುತ್ತಿದ್ದೀಯೋ? ಅಮ್ಮ ಆರೋಗ್ಯವಾಗಿದ್ದಾಳೆ. ನಿನ್ನ ಉಡಾಫೆಯಿಂದ ಒಂದು ಜೀವ ಹೋಗುವುದರಲ್ಲಿತ್ತು ಎಂಬ ಮಾತನ್ನು ಅವಳೂ ನಂಬಿದ್ದಾಳೆ, ಸಿಟ್ಟು ಇಳಿದಿಲ್ಲ.

ನನಗೆ ಈ ಕಚೇರಿಯೇ ಹೇಸಿಗೆಯಾಗಿದೆ ಕಣೋ. ಆಸ್ಪತ್ರೆಗೆ ನಾವು ಬರೆದುಕೊಟ್ಟ ಪ್ರೋಗ್ರಾಂ ಇಷ್ಟು ದಿನ ಹಾಗೇ ಕೊಳೆಯುತ್ತಿತ್ತು. ನರ್ಸ್ ಒಬ್ಬರು ರೋಗಿಯ ಫೈಲ್ ತೆರೆದರೆ ಬೇರೆಯವರು ಕೈಹಾಕದಂತೆ ಅದಕ್ಕೆ ಬೀಗ ಬೀಳುತ್ತದೆ. ಎಲ್ಲ ಮುಗಿದ ಮೇಲೆ ಕೊನೆಯ ಸಾಲು ಬೀಗ ತೆಗೆಯಬೇಕು. ಆದರೆ ರಕ್ತದ ಗುಂಪು ತುಂಬಿಲ್ಲದಿದ್ದರೆ ಪ್ರೋಗ್ರಾಂ ನಡುವೆಯೇ ಹೊರಬೀಳುತ್ತದೆ, ಕೊನೆಯ ಸಾಲಿನ ತನಕ ಬರುವುದೇ ಇಲ್ಲ. ಅದನ್ನು ಸರಿಪಡಿಸುವ ಬದಲು ದಿನಾ ಬೆಳಿಗ್ಗೆ ಕೈಯಿಂದ ಬೀಗ ತೆಗೆಯಲು ನಿನ್ನನ್ನು ಕೂರಿಸಿದರು. ನೀನು ಜ್ವರ ಬಂದು ಮಲಗಿದ ಒಂದೇ ದಿನ ಫೈಲ್ ತೆರೆಯದೆ, ಒಬ್ಬ ಹೆಂಗಸು ಆಪರೇಷನ್ ಟೇಬಲ್ ಮೇಲೆ ನಲವತ್ತು ನಿಮಿಷ ಕಾಯಬೇಕಾಯಿತು. ತಪ್ಪೆಲ್ಲ ನಿನ್ನ ತಲೆಗೆ ಕಟ್ಟಿ ಕಳಿಸಿದರು. ಈಗ ಮ್ಯಾನೇಜರ್ ಮಹಾಶಯರು 'ಬೀಗ ತೆಗೆಯುವವರ ಪಾಳಿ' ಎಂದು ಗೋಡೆಗೆ ಪಟ್ಟಿ ಅಂಟಿಸಿದ್ದಾರೆ, ಬಣ್ಣ ಬಣ್ಣದ ಅಕ್ಷರದಲ್ಲಿ!

"ಅಕ್ಕಾ, ಬೀಗ ಹಾಕೋ ಸಾಲಿನ ಕೆಳಗೇ ತೆಗೆಯೋದನ್ನೂ ಬರೆದುಬಿಡು. ಪ್ರೋಗ್ರಾಂ ಎಲ್ಲಿಂದ ಹೊರಗೆ ಬಿದ್ರೂ ಹೋಗೋವಾಗ ತಾನೇ ತೆಗೆದು ಹೋಗತ್ತೆ" ಎಂದು ನೀನು ಬಡಿದುಕೊಂಡಿದ್ದೆ. ಆಮೇಲೆ ನೋಡೋಣ ಎಂದವಳು ನಾನು. ನಿನ್ನೆ ಹಾಗೇ ಬರೆದೆ. ಎರಡೇ ಸಾಲು, ಕಾಫಿ ಆರುವಷ್ಟರಲ್ಲಿ ಮುಗಿಯಿತು. ಬೇಕೆಂದೇ ರಕ್ತದ ಗುಂಪು ಖಾಲಿ ಬಿಟ್ಟು ಇಪ್ಪತ್ತು ಸಲ ನೋಡಿದೆ, ಇಪ್ಪತ್ತು ಸಲವೂ ಬೀಗ ತಾನಾಗಿ ಬಿಟ್ಟುಕೊಂಡಿತು. ಖುಷಿಯಾಗಬೇಕಿತ್ತು. ಈ ಎರಡು ಸಾಲಿಗಾಗಿ ನಿನ್ನನ್ನು ಓಡಿಸಿದೆವಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಭಾರ ಎತ್ತಬೇಡ, ನೆಟ್ಟಗೆ ಕೂರು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ನಡುವೆ ಹೊರಬೀಳುವ ಆ ಸಾಲು ಬರೆದವಳು ನಾನೇ ಕಣೋ. ಅವರು ನಿನ್ನನ್ನು ಬೈಯುವಾಗ ಅದು ಗೊತ್ತಿದ್ದೂ ಪಕ್ಕದ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಈಗಷ್ಟೇ ಮ್ಯಾನೇಜರಿಗೂ ಆಸ್ಪತ್ರೆಗೂ ನನ್ನ ಹೆಸರು ಹಾಕಿ ಬರೆದುಕೊಟ್ಟು ಬಂದೆ. ಸಂಜೆ ಅಮ್ಮನಿಗೂ ಹೇಳುತ್ತೇನೆ. ಅವಳು ಫೋನ್ ಮಾಡಿದರೆ ಎತ್ತು. ನನ್ನದನ್ನು ಎತ್ತದಿದ್ದರೂ ಪರವಾಗಿಲ್ಲ.