ಸೀಟಿನ ತಳದ ನಂಬರು

ತಮ್ಮಾ,

ಸತ್ತ ಮೇಲೂ ನನ್ನ ತಲೆ ತಿನ್ನುವುದನ್ನು ನೀನು ಬಿಟ್ಟಿಲ್ಲ. ಆಟದ ಮೈದಾನದ ಹುಲ್ಲು ಕತ್ತರಿಸುವ ನಮ್ಮ ಗಾಡಿಯ ಬೆಲ್ಟು ಹರಿದುಹೋಯಿತು. ಈ ವಾರ ಕತ್ತರಿಸದಿದ್ದರೆ ಕೆಲಸ ಬೇರೆಯವರಿಗಂತೆ. ಬಿಡಿಭಾಗದ ಅಂಗಡಿಯವನು ಗಾಡಿಯ ಮಾಡೆಲ್ ನಂಬರು ಕೇಳಿದ. ಸೀಟು ಎತ್ತಿ, ಅದರ ತಳಕ್ಕೆ ಅಂಟಿಸಿದ್ದ ಚೀಟಿಯ ಕೊಳೆ ಉಜ್ಜಿ, ನಂಬರು ಬರೆದುಕೊಟ್ಟೆ. ಅವನು ಕೊಟ್ಟ ಬೆಲ್ಟು ಗಾಡಿಗೆ ಹಗ್ಗದ ಹಾಗೆ ಜೋತುಬಿತ್ತು. ಬದಲಿಸಿ ತಂದೆ; ಅದೂ ಹಾಗೆಯೇ. ಅಂಗಡಿ ಮುಂದೆ ನಿಂತು ಅವನ ಜನ್ಮ ಜಾಲಾಡಿದೆ.

ಕೊನೆಗೆ ಅವನೇ ಬಂದು ಗಾಡಿ ನೋಡಿ ನಕ್ಕ. "ಅಜ್ಜೀ, ಈ ಸೀಟು ಈ ಗಾಡೀದಲ್ಲ. ದೊಡ್ಡ ಗಾಡೀದು, ಸ್ಪ್ರಿಂಗ್ ಇರೋದು. ಯಾರೋ ನಿಮ್ಮ ಸೊಂಟ ನೋಡಿ ಹಾಕಿದ್ದಾರೆ."

ಯಾರೋ ಅಂತೆ! ಹೇಳುವುದಕ್ಕೆ ನಿನ್ನ ಬಾಯಿಗೇನು ಬೀಗ ಬಿದ್ದಿತ್ತೇ? ಸೊಂಟನೋವು ತಾನಾಗಿಯೇ ವಾಸಿಯಾಯಿತೆಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತಿದ್ದಾಗ, ಪಕ್ಕದಲ್ಲೇ ನಿಂತು ತಲೆಯಾಡಿಸಿದೆಯಲ್ಲೋ, ಮಂಕೇ!

ಹರಿದ ಬೆಲ್ಟನ್ನೇ ಅಳೆದು ಅವನು ಸರಿಯಾದದ್ದು ಹಾಕಿಕೊಟ್ಟ. "ಈ ಗಾಡೀದೇ ಸೀಟು ತಂದು ಹಾಕ್ಲಾ? ಇನ್ಮೇಲೆ ನಂಬರಿನ ಗೊಂದಲ ಇರಲ್ಲ" ಎಂದ.

"ಮುಟ್ಟಿ ನೋಡು, ಕೈ ಮುರೀತೀನಿ" ಎಂದೆ.

ನಿನ್ನ ಅಕ್ಕ